ಮಾತಿಲ್ಲದ ಕಾಮಿಕ್ಸು

14-7-2008, ಸೋಮವಾರ

ಮತ್ತೆ ಅದೇ ಕನಸು. ನಾನು ಕೆಲಸ ಮಾಡುವ ಸೈಬರ್ ಕೆಫೆಯ ಪ್ರಿಂಟರು ಒಂದೇ ಸಮನೆ ಹಾಳೆ ಉಗುಳುತ್ತಿದೆ. ಎಲ್ಲ ಖಾಲಿ. ಜನ ಎತ್ತಿಕೊಂಡು ಹೋಗುತ್ತಿದ್ದಾರೆ. ನಿಲ್ಲಿಸುವ ಬಟನ್ ಸಿಗುತ್ತಿಲ್ಲ... ಕೆಲಸಕ್ಕೆ ಹೋಗುವ ಮೊದಲೇ ಸುಸ್ತು.

ಹೈಸ್ಕೂಲಿನ ಕಾವ್ಯಶ್ರೀ ಮೇಡಂ ಬಂದಿದ್ದರು. ವಿಜ್ಞಾನ ಅಂದರೆ ಜೀವ ಬಿಡುವ ಮಕ್ಕಳಿಗೆ ಇಂಟರ್ನೆಟ್ಟಿನಲ್ಲಿ ಒಳ್ಳೊಳ್ಳೆ ಕಾಮಿಕ್ಸ್ ಬರುತ್ತವಂತೆ. ಯಾವ ಸೈಟು ಚೆನ್ನ ಅಂತ ಬರೆದು ಕೊಟ್ಟರು. ನಾನೇ ಆರಿಸಿ ಕ್ಲಾಸಿಗೆಲ್ಲ ಪ್ರಿಂಟ್ ತೆಗೆದು ಕೊಡಬೇಕಂತೆ.

"ಮಾತಿಲ್ಲದ್ದನ್ನೇ ಆರಿಸು ಶಾಂತಲಾ. ಇಂಗ್ಲಿಷ್ ಇದ್ರೆ ನಮ್ ಮಕ್ಳು ಮುಟ್ಟಲ್ಲ."

"ನಾನಾ ಮೇಡಂ? ಒಂಬತ್ತನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋಳು..."

"ನಿಂಗೆ ಅರ್ಥ ಆದ್ರೆ ಅವ್ರಿಗೂ ಆಗುತ್ತೆ."

ಹೊಗಳಿದ್ದೋ, ಬೈದದ್ದೋ.

17-7, ಗುರುವಾರ

ಇಡೀ ದಿನ ಅದೇ ನೋಡಿದೆ. ನಡುವೆ ಕರೆಂಟ್ ಕಾಟ. ಇರುವೆ ದಾರಿ ಹಿಡಿಯುವುದು, ಚಂದ್ರ ಸವೆಯುವುದು — ಚೆನ್ನಾಗಿವೆ. ಹಾವಿನದೊಂದು. ಕಚ್ಚುತ್ತೆ. ಕಾಲಿಗೆ ಹಗ್ಗ ಬಿಗಿಯುತ್ತಾರೆ — ಅದರ ಮೇಲೆ ಕೆಂಪು ಗೆರೆ, ಹಾಗೆ ಮಾಡಬೇಡಿ ಅಂತ. ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯುತ್ತಾರೆ. ನಮ್ಮ ಸರಗೂರಿಗೆ ಬೇಕಾದ್ದೇ.

ಕೆಂಪು ಇಂಕು ಮುಗಿದಿದೆ. ಓನರ್ ಧರ್ಮೇಂದ್ರಣ್ಣ, "ಒಂದು ಕಲರ್ ತೆಗ್ದು ಮಿಕ್ಕಿದ್ದು ಜೆರಾಕ್ಸ್ ಹೊಡಿ ಕಣಮ್ಮಿ. ಮಕ್ಳೇನು ಬಣ್ಣ ನೆಕ್ತಾವಾ?" ಅಂದರು. ಕೆಂಪೆಲ್ಲ ತಿಳಿ ಹಳದಿ ಬಂತು. ಜೆರಾಕ್ಸಿನಲ್ಲಿ ಹಾಳೆ ಸಿಕ್ಕಿಕೊಂಡರೆ ಅಂತಲೇ ಭಯ. ಬೇರೇನೂ ನೋಡಲಿಲ್ಲ.

19-7

ಮೇಡಂಗೂ ಪುರುಸೊತ್ತಿಲ್ಲ, ನೋಡದೆ ಹಾಗೇ ಹಂಚಿದರಂತೆ. ಮಕ್ಕಳು ಮನೆಗೆ ಒಯ್ದರಂತೆ. ಕ್ಲಾಸಿನಲ್ಲಿ ನನ್ನ ಹೆಸರು ಹೇಳಿದರಂತೆ. ಅಮ್ಮನಿಗೆ ಹೇಳಲಿಲ್ಲ. ದೃಷ್ಟಿಯಾಗುತ್ತೆ.

6-8, ಸಂಜೆ

ಚಿಕ್ಕಬೀರಮ್ಮ ಅಂತ ಒಬ್ಬ ಅಜ್ಜಿ. ಮಡಿಲಿನಿಂದ ಹೀರೇಕಾಯಿ ತೆಗೆದು ಮೇಜಿನ ಮೇಲಿಟ್ಟಳು.

"ನೀನೇನವ್ವ ಆ ಆಳೆ ಕೊಟ್ಟೋಳು? ನಮ್ಮೆಜಮಾನ್ರಿಗೆ ಒಲದಲ್ಲಿ ಆವು ಕಡೀತು. ಮೊಮ್ಮಗ್ಳು ಚಿನ್ನು, ಆಳೇಲಿರಂಗೇ ಕಟ್ಟಿ ಅಂತ ಬಿಗಿಯಾಗಿ ಕಟ್ಟಿಸ್ಬುಟ್ಳು. ಜೀವ ಉಳೀತು ಕಣವ್ವ."

"ಕಾಲು...?"

"ಕಟ್ಟಿದ್ ತಾವಿಂದ ಕೆಳ್ಗೆ ಕಪ್ಪಾಗದೆ. ತೆಗೀಬೇಕು ಅಂತವ್ರೆ ಮೈಸೂರಲ್ಲಿ. ಓಗ್ಲಿ ಬುಡು, ಕಾಲ್ ತಾನೆ? ನಮ್ ತಂಗಿ ಮನೇಗೂ ಒಂದು ಕೊಡವ್ವ. ಅಲ್ಲೂ ಆವಿನ ಕಾಟ."

ಕೊಟ್ಟೆ. ಹಿಗ್ಗಿಕೊಂಡೇ ಕೊಟ್ಟೆ.

ಅವಳು ಹೋದ ಮೇಲೆ ತಲೆಗೆ ಹೊಳೆಯಿತು. ಕಟ್ಟಿದ್ದು ಯಾಕೆ? ಕಟ್ಟಬೇಡಿ ಅಂತಲ್ಲವಾ ಇದ್ದದ್ದು? ಡ್ರಾಯರಿನಿಂದ ಹಾಳೆ ತೆಗೆದೆ. ಹಗ್ಗ ಇದೆ. ಗಂಟು ಇದೆ. ಗೆರೆ ಇಲ್ಲ. ಒಂದರಲ್ಲೂ ಇಲ್ಲ. ತಿಳಿ ಹಳದಿಯನ್ನು ಜೆರಾಕ್ಸು ಹಿಡಿದೇ ಇಲ್ಲ.

ಬಸ್‌ಸ್ಟ್ಯಾಂಡಿಗೆ ಓಡಿದೆ. ಬಸ್ಸು ಹೋಗಿತ್ತು.

ಧರ್ಮೇಂದ್ರಣ್ಣ: "ಜೀವ ಉಳೀತಲ್ಲ. ಯಾಕ್ ಕೆದಕ್ತೀಯ?"

7-8

ಮೇಡಂಗೆ ಹೇಳಿಬಿಟ್ಟೆ. ಬೈಯಲಿಲ್ಲ. ಕೂತುಬಿಟ್ಟರು. ಆಮೇಲೆ ಹಾಳೆ ತರಲು ಮಕ್ಕಳನ್ನು ಮನೆಗೆ ಓಡಿಸಿದರು. ಬಂದ ಹಾಳೆಗೆಲ್ಲ ಕೆಂಪು ಸ್ಕೆಚ್ ಪೆನ್ನಿನಲ್ಲಿ ಗೆರೆ ಹೊಡೆದೆ. ಚಿನ್ನು ತನ್ನದನ್ನು ಗೋಡೆಯಿಂದ ಕಿತ್ತು ತಂದಳು, ಅನ್ನದ ಗಂಜಿ ಹಾಗೇ ಅಂಟಿತ್ತು. "ತಾತಂಗೆ ನಾನೇ ಸರ್ಯಾಗಿ ಕಟ್ಟಿಸ್ದೆ ಅಲ್ವಾ ಅಕ್ಕ?" ಅಂದಳು. ಗಂಜಿ ಕೆರೆದು ಅವಳ ಹಾಳೆಗೂ ಗೆರೆ ಹೊಡೆದೆ.

8-8, ಬೆಳಿಗ್ಗೆ

ಹಾಳೆ ಎಲ್ಲ ಬಂದವು. ನಾನು ಕೈಯಾರೆ ಕೊಟ್ಟದ್ದೊಂದು ಬಿಟ್ಟು. ಅಜ್ಜಿ ಅದನ್ನು ತಂಗಿ ಮನೆಗೆ ತಲುಪಿಸಿ ಮೈಸೂರಿಗೆ ಹೋಗಿದ್ದಾಳೆ, ಆಸ್ಪತ್ರೆಗೆ. ಮೇಡಂ ಚಿನ್ನೂನ ವಿಚಾರಿಸಿದ್ದಾರೆ — ಚಿಕ್ಕಜ್ಜಿ ಊರು ಕಾಕನಕೋಟೆ ಕಡೆಯಂತೆ. ಮೊದಲ ಬಸ್ಸಿಗೆ ಹೊರಟಿದ್ದೇನೆ, ಪೆನ್ನು ಚೀಲದಲ್ಲಿದೆ. ಆದರೆ ಅಜ್ಜಿ ನಿನ್ನೆ ಬೆಳಿಗ್ಗೆ ಹತ್ತಿದ್ದು ಕೆ.ಆರ್. ನಗರದ ಬಸ್ಸು ಅಂತ ಬಸ್‌ಸ್ಟ್ಯಾಂಡಿನ ಹೋಟೆಲಿನವರು ಅಂದರಲ್ಲ... ಅದು ಬೇರೆಯೇ ದಿಕ್ಕು. ತಂಗಿ ಮನೆ ಅಲ್ಲಿಯ ಹೊಸ ಅಗ್ರಹಾರದ ಕಡೆಯೋ ಏನೋ. ಊರು ಯಾವುದು ಅಂತ ಚಿನ್ನೂನ ಇನ್ನೊಂದ್ ಸಲ ಕೇಳಿ ಅಂತ ಮೇಡಂಗೆ ಹೇಳಿಕಳಿಸಬೇಕು, ಬಸ್ಸು ಬರೋದ್ರೊಳಗೆ —