ಚುಕ್ಕಿಯನ್ನು ದೊಡ್ಡ ಬಯಲಿಗೆ ಬಿಟ್ಟೆವು

ಲಾಯದ ಹಿಂದಿನ ಮನೆ,
ಭಾನುವಾರ, 14ನೇ ತಾರೀಖು, ಮಧ್ಯಾಹ್ನ

ನಮ್ಮ ಪುಟ್ಟಿಯ ಅಪ್ಪನಿಗೆ,

ಸೊಂಟದ ನೋವು ಹೇಗಿದೆ? ನಿದ್ದೆ ಬರುತ್ತದೆಯೋ, ಇಲ್ಲ ಪಕ್ಕದ ಹಾಸಿಗೆಯವರ ಗೊರಕೆ ಕೇಳುತ್ತಾ ಮಲಗಿರುತ್ತೀರೋ? ನರ್ಸು ಎಬ್ಬಿಸಿ ನಡೆಸಲು ಬಂದಾಗ ದಯವಿಟ್ಟು ಮುಖ ಗಂಟಿಕ್ಕಬೇಡಿ. ಅತ್ತೆ, ಪುಟ್ಟಿ ಚೆನ್ನಾಗಿದ್ದಾರೆ. ನನಗೆ ಮಾತ್ರ ಕೂತಲ್ಲೇ ಕಣ್ಣು ಮುಚ್ಚಿಹೋಗುತ್ತದೆ. ಅಕ್ಷರ ಸೊಟ್ಟಗಾದರೆ ಬೈಯಬೇಡಿ.

ಹೊಸದಾಗಿ ಬಂದ ಕುದುರೆ ಚುಕ್ಕಿಯನ್ನು ನಮ್ಮ ಮುದಿಕುದುರೆ ತಾತನ ಜೊತೆ ಮೊದಲ ದಿನವೇ ಬಿಡಿ, ಅವೇ ಹೊಂದಿಕೊಳ್ಳುತ್ತವೆ ಎಂದು ಅವಸರ ಮಾಡಿದವರು ಮಾಲೀಕರು. ಚುಕ್ಕಿಗೆ ಬೀಳಬೇಕಿದ್ದ ತಾತನ ಒದೆ ನಡುವೆ ನಿಂತ ನಿಮಗೆ ಬಿತ್ತು. ಆಮೇಲೆ ಅವರೇ, ತಿಂಗಳೊಳಗೆ ಎರಡೂ ಒಟ್ಟಿಗೆ ಮೇಯದಿದ್ದರೆ ಚುಕ್ಕಿಯನ್ನು ವಾಪಸು ಕಳಿಸುತ್ತೇನೆ ಎಂದರು. ವಾಪಸು ಹೋದರೆ ಮತ್ತೆ ಕಲ್ಲು ಸಾಗಿಸುವ ಗಾಡಿಗೇ ಕಟ್ಟುತ್ತಾರೆ. ಬಯಲಿಗೆ ಬಿಡುವ ಮೊದಲು ಅದರ ಹೆಗಲಿನ ಹುಣ್ಣಿಗೆ ನೀವು ಮುಲಾಮು ಹಚ್ಚಿದ್ದನ್ನು ಕಂಡವಳು ನಾನು, ಕೈಕಟ್ಟಿ ಕೂರಲಾಗಲಿಲ್ಲ.

ಮೊದಲ ಹತ್ತು ದಿನ ಚುಕ್ಕಿಯನ್ನು ಲಾಯದ ಕೊನೆಯ ಕೋಣೆಯಲ್ಲಿ ಬೇರೆಯೇ ಇಟ್ಟೆ. ರೋಗವೇನೂ ಇಲ್ಲವೆಂದು ಪಶುವೈದ್ಯರು ಹೇಳುವ ತನಕ ನೀರಿನ ಬಕೆಟ್ಟೂ ಬೇರೆ. ಆಮೇಲೆ ಅಕ್ಕಪಕ್ಕದ ಬಯಲು, ನಡುವೆ ಎರಡು ಬೇಲಿ. ತಾತ ಕಿವಿ ಹಿಂದಕ್ಕೆ ಮಲಗಿಸಿಕೊಂಡು ಬೇಲಿಯುದ್ದಕ್ಕೂ ಓಡುವುದು, ನಾನು ಏದುಸಿರು ಬಿಡುತ್ತಾ ಅದರ ಹಿಂದೆ ಓಡುವುದು. ಒಂದು ವಾರಕ್ಕೆ ಅದಕ್ಕೂ ಸಾಕಾಯಿತು, ನನಗೂ ಸಾಕಾಯಿತು. ಲಾಳ ಹೊಡೆಯುವ ಅಣ್ಣ ಎರಡರ ಹಿಂಗಾಲಿನ ಲಾಳಗಳನ್ನು ಬಿಚ್ಚಿಕೊಟ್ಟರು. ಒದ್ದರೂ ಗಾಯ ದೊಡ್ಡದಾಗದಿರಲಿ ಎಂದು. ನಾಲ್ಕು ದಿನ ನಾನೊಂದು, ಅವರೊಂದು ಹಗ್ಗ ಹಿಡಿದು, ಸಾಕಷ್ಟು ದೂರ ಬಿಟ್ಟು ಎರಡನ್ನೂ ಜೊತೆಯಲ್ಲಿ ನಡೆಸಿದೆವು.

ನಿನ್ನೆ ಬೆಳಿಗ್ಗೆ ದೊಡ್ಡ ಬಯಲಿಗೆ ಬಿಟ್ಟೆವು. ಚುಕ್ಕಿ ಎಲ್ಲೂ ಸಿಕ್ಕಿಬೀಳದಂತೆ ಮೂಲೆಗಳಿಗೆ ಅಡ್ಡಲಾಗಿ ಬಿದಿರಿನ ಗಳ ಕಟ್ಟಿದ್ದೆ, ಹುಲ್ಲನ್ನು ಮೂರು ಕಡೆ ದೂರದೂರ ಹಾಕಿದ್ದೆ. ಹಗ್ಗ ಬಿಚ್ಚಿ ಗೇಟಿನಾಚೆ ಬಂದೆವು. ತಾತ ಮೂಸಿತು, ಕಿರುಚಿತು, ಅಟ್ಟಿಸಿಕೊಂಡು ಹೋಯಿತು. ಅಣ್ಣ ಗೇಟಿಗೆ ಕೈ ಹಾಕಿದರು. ನಾನು ಅವರ ತೋಳು ಹಿಡಿದುಕೊಂಡೆ. "ಒಳಗೆ ಹೋಗ್ಬೇಡಿ ಅಣ್ಣಾ. ಒಬ್ಬರು ಮಲಗಿರೋದೇ ಸಾಕು" ಎಂದೆ. ಚುಕ್ಕಿ ಎರಡು ಸುತ್ತು ಓಡಿ ದೂರದ ಹುಲ್ಲಿನ ರಾಶಿಯ ಹತ್ತಿರ ನಿಂತಿತು. ತಾತ ಅರ್ಧದಲ್ಲೇ ನಿಂತು, ನೋಡಿ, ತಲೆ ತಗ್ಗಿಸಿ ತನ್ನ ರಾಶಿಗೆ ಬಾಯಿ ಹಾಕಿತು. ಮಧ್ಯಾಹ್ನದ ಹೊತ್ತಿಗೆ ಎರಡೂ ಒಂದೇ ನೆರಳಲ್ಲಿದ್ದವು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಸಂತೋಷಕ್ಕೇನಲ್ಲ, ಸುಸ್ತಿಗೆ.

ಅತ್ತೆ ಆಶೀರ್ವಾದ ಹೇಳಿದ್ದಾರೆ, ಪುಟ್ಟಿ ಮುತ್ತು ಕಳಿಸಿದ್ದಾಳೆ. ನನ್ನ ಹತ್ತಿರ ಕಳಿಸಲು ಮೈಕೈ ನೋವು ಬಿಟ್ಟರೆ ಬೇರೇನಿಲ್ಲ.

ನಿಮ್ಮ,
ಮನೆಯವಳು

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಇದನ್ನೇ ಮೊದಲು ಹೇಳಬೇಕಿತ್ತು. ಇನ್ನು ನಿಮ್ಮಿಂದ ಕುದುರೆ ಹಿಡಿಯುವ ಕೆಲಸ ಆಗುವುದಿಲ್ಲವಂತೆ. ಡಾಕ್ಟರು ನಿಮಗೆ ಹೇಳಿದ್ದಾರೋ ಇಲ್ಲವೋ, ಮಾಲೀಕರಿಗೆ ಹೇಳಿದ್ದಾರೆ. ಲಾಯ ನೀನು ನೋಡಿಕೊಳ್ಳುತ್ತೀಯಾ ಎಂದು ಅವರು ನಿನ್ನೆ ಕೇಳಿದರು. ಯಾವ ಕುದುರೆಯನ್ನು ಯಾವತ್ತು ಬಿಡಬೇಕೆಂದು ನಾನೇ ಹೇಳುವುದಾದರೆ ಸರಿ ಎಂದೆ. ನಿಮ್ಮನ್ನು ಕೇಳದೆ ಒಪ್ಪಿಕೊಂಡುಬಿಟ್ಟೆ. ಕೋಪವೆಲ್ಲ ಅಲ್ಲೇ ಮುಗಿಸಿಕೊಂಡು ಬನ್ನಿ. ಲಾಯದ ಬಾಗಿಲಲ್ಲಿ ನಿಮಗೊಂದು ಕುರ್ಚಿ ಹಾಕಿಸುತ್ತೇನೆ. ತಪ್ಪು ಮಾಡಿದಾಗ ಹೇಳಿಕೊಡುವವರು ನನಗೂ ಬೇಕಲ್ಲ.