ಜಿನ್ನವ್ವ ಕಾಕಿಯ ಪಾಸ್‌ವರ್ಡ್

ಬುಧವಾರ, ೧೨ ನವೆಂಬರ್ ೨೦೦೮. ಗೋಕಾಕ.

ಜಿನ್ನವ್ವ ಕಾಕಿ ಮ್ಯಾಲ ದನಿ ಏರಿಸಬಾರದಿತ್ತು. ಊಟಕ್ಕ ಕುಂತಾಗೂ ಅದ ತಲ್ಯಾಗ.

ಯಮಕನಮರಡಿಯೊಳಗ ಆಕಿದು ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ. ಗಂಡ ತೀರಿದ ಮ್ಯಾಲ ಒಬ್ಬಾಕಿನ ನಡಸತಾಳ. ವೈಫೈಗೆ ಪಾಸ್‌ವರ್ಡ್ ಇರಲಿಲ್ಲ. ಬಾಜೂ ಲಾಡ್ಜಿನ್ಯಾಗ ಇಳದವರು ಯಾರೋ ಆಕಿ ಕಂಪ್ಯೂಟರಿನೊಳಗ ಹೊಕ್ಕು ಫೈಲ್ ಅಳಿಸಿದ್ರಂತ. ಕಂಪ್ಯೂಟರ್ ರಿಪೇರಿ ಮಾಡಾವ ನಾನು, ಆ ದಾರಿ ಬಂದ್ ಮಾಡಾಕ ಹೋಗಿದ್ದೆ.

"ಕಂಪ್ಯೂಟರಿನ ಪಾಸ್‌ವರ್ಡ್ ಹೇಳ್ರಿ ಕಾಕಿ" ಅಂದೆ. ಆಕಿ ಟೇಬಲ್ ಮ್ಯಾಲಿನ ಬಿಲ್ಲು ಜೋಡಸಾಕ ಹತ್ತಿದಳು. ಮೂರು ಸಲ ಕೇಳಿದೆ. "ನನ್ನ ಕಳ್ಳ ಅಂತ ತಿಳದೀರೇನ್ರಿ?" ಅಂತ ಒದರಿಬಿಟ್ಟೆ.

ಮಗಳು ತೃಪ್ತಿ ಮೆಲ್ಲಕ ಅಂದಳು, "ಅದು ಅಪ್ಪನ ಹೆಸರು ಐತ್ರಿ. ಅವ್ವ ಬಾಯಿಲೆ ಹೇಳೂದಿಲ್ಲ."

ನನಗ ಗೊತ್ತಿಲ್ಲೇನು? ನಮ್ಮವ್ವನೂ ನಮ್ಮಪ್ಪನ ಹೆಸರು ಹೇಳೂದಿಲ್ಲ. ಹೊಳೀಲೇ ಇಲ್ಲ. ಕಾಕಿ ಕೀಬೋರ್ಡ್ ಎಳಕೊಂಡು ಒಂದ ಬೆರಳಿಲೆ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಪರದೆ ಮ್ಯಾಲ ಬರೇ ಚುಕ್ಕಿ.

"ಮನೆಯವರ ಹೆಸರು ಇಡಬಾರದ್ರಿ, ಯಾರರ ಊಹಿಸತಾರ. ಬದಲಿ ಮಾಡೂಣು" ಅಂದೆ.

"ಇಪ್ಪತ್ತೆಂಟು ವರ್ಷ ಸಂಸಾರ ಮಾಡೀನಿ ತಮ್ಮಾ, ಒಮ್ಮೆರ ಅವರ ಹೆಸರು ತಗೊಂಡಿದ್ದಿಲ್ಲ. ಈಗ ದಿನಾ ಮುಂಜಾನೆ ತಗೋತೀನಿ. ಇದೊಂದು ಬಿಡು."

ವೈಫೈಗೆ ಗಟ್ಟಿ ಪಾಸ್‌ವರ್ಡ್ ಹಾಕಿದೆ. ಕಂಪ್ಯೂಟರಿನ ಪಾಸ್‌ವರ್ಡಿಗೆ ಹಿಂದ ಮುಂದ ಅಂಕಿ ಸೇರಿಸಿದೆ, ಹೆಸರು ಮುಟ್ಟಲಿಲ್ಲ.

ಪಾಸ್‌ವರ್ಡ್ ಎಲ್ಲೂ ಬರದಿಡಬ್ಯಾಡ್ರಿ ಅಂತ ಊರಿಗೆಲ್ಲ ಹೇಳಾವ ನಾನು. ಆ ಹೆಸರು ಈ ಡೈರಿಯೊಳಗೂ ಬರಿಯಾಂಗಿಲ್ಲ. ಅದನ್ನ ಬರಿಯಾಕಿ ಆಕಿ ಒಬ್ಬಾಕಿನ ಇರಲಿ.