ಬೇರೊಬ್ಬಳನ್ನು ಅಮ್ಮಾ ಎಂದವನಿಗೆ

ಸೂಸಾಮಿರ್ ಬೆಟ್ಟದ ಹುಲ್ಲುಗಾವಲು,
ಜೂನ್ ಹತ್ತು, ಮಂಗಳವಾರ

ಪ್ರೀತಿಯ ಮಗ ಬೆಕ್ತೆನ್,

ಹೇಗಿದ್ದೀಯಪ್ಪಾ? ನಿದ್ದೆ ಬರುತ್ತಿದೆಯೇ? ಬೆವರುವುದು, ಕಾಲು ಸೆಳೆಯುವುದು ಎಲ್ಲ ನಿಂತಿತೇ? ಹಲ್ಲು ನೋವಿಗೆ ಏನು ಮಾಡಿದೆ? ಊಟ ಸೇರುತ್ತಿದೆಯೇ ಎಂದು ಮಾತ್ರ ಕೇಳುವುದಿಲ್ಲ. ಸೇರುತ್ತಿದೆ ಎಂದು ಗೊತ್ತು. ನಾವಿನ್ನೂ ಕೆಳಗೆ ಹಳ್ಳಿಯಲ್ಲಿದ್ದಾಗ ನೀನು ಕಳಿಸಿದ ಫೋಟೋದಲ್ಲಿ ಕೆನ್ನೆ ತುಂಬಿಕೊಂಡಿತ್ತು. ಚಿಕ್ಕಂದಿನಿಂದ ನಾನು ಕುರಿಬಾಲದ ಕೊಬ್ಬು ತಿನ್ನಿಸಿ ತಿನ್ನಿಸಿ ಸೋತ ಕೆನ್ನೆ ಅದು. ನಿಮ್ಮ ಸಂಘ ನಡೆಸುವ ಆ ಸೈರಾಗುಲ್ ಮಾಡುವ ಎಲೆಕೋಸಿನ ಸಾರಿಗೆ ತುಂಬಿಕೊಂಡಿತಲ್ಲ, ಸಂತೋಷ. ನಿಜವಾಗಿಯೂ ಸಂತೋಷವೇ. ಹೊಟ್ಟೆಯೂ ಉರಿಯುತ್ತದೆ, ಅದನ್ನು ಮುಚ್ಚಿಡುವುದು ಯಾಕೆ?

ನಾವು ಚೆನ್ನಾಗಿದ್ದೇವೆ. ಮೇ ಕೊನೆಗೆ ಮೇಲೆ ಬಂದು ಗುಡಾರ ಹಾಕಿದೆವು. ಹಿಮ ತಡವಾಗಿ ಕರಗಿದ್ದರಿಂದ ಹುಲ್ಲು ಇನ್ನೂ ಗಿಡ್ಡವಾಗಿದೆ. ನಮ್ಮ ಮುದುಕನ ಮಂಡಿ ಕುದುರೆ ಹತ್ತುವಾಗ ನೋಯುವುದಿಲ್ಲ, ನೀರು ತಾ ಎಂದರೆ ಮಾತ್ರ ನೋಯುತ್ತದೆ. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲವೆಂದು ನಿನಗೆ ಗೊತ್ತೇ ಇದೆ. ಉಣ್ಣೆ ಕೊಳ್ಳುವ ಮೆದೆತ್ ಲಾರಿ ತಂದಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಫೋನಿನಲ್ಲಾದರೆ ನೀನು ಬರೀ ಹ್ಞೂಂ ಹ್ಞೂಂ ಅನ್ನುತ್ತೀಯ, ಕಾಗದವನ್ನಾದರೂ ಕೊನೆಯವರೆಗೂ ಓದಬೇಕಾಗುತ್ತದೆ.

ವಸಂತದಲ್ಲಿ ನೀನು ಫೋನು ಮಾಡಿ ಹೇಳಿದ ಮಾತು ಇನ್ನೂ ನನ್ನ ಎದೆಯಲ್ಲಿ ಚುಚ್ಚುತ್ತಿದೆ. "ಈ ಬೇಸಿಗೇಲಿ ಬೆಟ್ಟಕ್ಕೆ ಬರಲ್ಲಮ್ಮ. ಸೈರಾಗುಲ್ ಅಮ್ಮ ಬೇಡ ಅಂದ್ರು. ಇಲ್ಲೇ ಸಂಘದಲ್ಲೇ ಕೆಲಸಕ್ಕೆ ಇರ್ತೀನಿ." ಯಾಕೋ ಎಂದರೆ, "ನಿಂಗೆ ಅರ್ಥ ಆಗಲ್ಲ ಬಿಡು" ಎಂದೆ. ಬೆಟ್ಟಕ್ಕೆ ಬರುವುದಿಲ್ಲ ಎಂದದ್ದನ್ನಾದರೂ ನುಂಗಿಕೊಳ್ಳಬಹುದು. ಸೈರಾಗುಲ್ ಅಮ್ಮ! ಯಾವಾಗಿನಿಂದ ಅವಳು ನಿನಗೆ ಅಮ್ಮ? ನಿನ್ನನ್ನು ಹೆತ್ತ ನನ್ನ ಸೊಸೆಗೇ ನಾನು ಆ ಮಾತು ಬಿಟ್ಟುಕೊಟ್ಟವಳಲ್ಲ. ಮೊದಲ ಮೊಮ್ಮಗ ಅಜ್ಜಿಯ ಮಡಿಲಿಗೆ ಎಂದು ನಮ್ಮಲ್ಲಿ ರೂಢಿ. ಅವಳು ಹೆತ್ತು ಕೊಟ್ಟಳು, ನಾನು ಎತ್ತಿಕೊಂಡೆ, ನೀನು ಅವಳನ್ನು ಅಕ್ಕಾ ಎಂದು ಕರೆದು ಬೆಳೆದೆ. ಆಗಾಗ ಅವಳ ಮುಖ ಸಣ್ಣದಾಗುತ್ತಿತ್ತು. ನಾನು ಕಂಡೂ ಕಾಣದಂತೆ ಇರುತ್ತಿದ್ದೆ. ಈಗ ಎಲ್ಲಿಂದಲೋ ಬಂದವಳು, ನಮ್ಮ ಕುಲದವಳೂ ಅಲ್ಲ, ಹೆರಲಿಲ್ಲ, ಎತ್ತಲಿಲ್ಲ, ಪುಕ್ಕಟೆ ಅಮ್ಮ ಅನ್ನಿಸಿಕೊಂಡಳು. ಮುದುಕ ನನ್ನನ್ನು ಕಾಡಿಸುತ್ತಾನೆ: "ಏನೇ, ಈ ವಯಸ್ಸಲ್ಲಿ ಸವತಿ ಬಂದ ಹಾಗೆ ಆಡ್ತೀಯಲ್ಲ! ನಂಗೆ ಇನ್ನೊಬ್ಬಳು ಗಂಟುಬಿದ್ದಿದ್ರೂ ನೀನು ಇಷ್ಟು ಉರ್ಕೋತಿರ್ಲಿಲ್ಲ." ಅದು ಸತ್ಯ. ಅವನನ್ನು ಯಾರಾದರೂ ಕರೆದುಕೊಂಡು ಹೋಗುವುದಾದರೆ ಕಂಬಳಿಯನ್ನೂ ಜೊತೆಗೆ ಕೊಟ್ಟು ಕಳಿಸುತ್ತೇನೆ.

ಮೆದೆತ್ ಇನ್ನೊಂದು ಸುದ್ದಿ ಹೇಳಿದ. ಚಟ ಬಿಡಿಸುವ ನಿಮ್ಮ ಸಂಘದವರು ಅವನ ಮಗಳ ಶಾಲೆಗೆ ಹೋಗಿದ್ದರಂತೆ. ನೀನು ಮಕ್ಕಳ ಮುಂದೆ ನಿಂತು, ಆ ನಶೆಯ ಪುಡಿ ಹೇಗೆ ಶುರುವಾಯಿತು, ಅದು ಸಿಗದಿದ್ದಾಗ ವೋಡ್ಕಾ ಹೇಗೆ ಹಿಡಿಯಿತು, ಬಿಷ್ಕೆಕ್‌ನಲ್ಲಿ ಸಂಘಕ್ಕೆ ಸೇರುವ ಮುಂಚಿನ ಚಳಿಗಾಲವಿಡೀ ಬೀದಿಯ ಬಿಸಿನೀರಿನ ಕೊಳವೆಗಳ ಪಕ್ಕ ಹೇಗೆ ಮಲಗಿದ್ದೆ ಎಂದು ಎಲ್ಲ ಹೇಳಿದೆಯಂತೆ. "ನಿಮ್ಮ ಹುಡುಗ ಮಾತಾಡ್ತಿದ್ರೆ ಮೇಷ್ಟ್ರೂ ಕಣ್ಣು ಒರೆಸಿಕೊಂಡ್ರಂತೆ ಅಜ್ಜಿ" ಎಂದ ಮೆದೆತ್. ಅದೇ ಚಳಿಗಾಲದಲ್ಲಿ ನನಗೆ ಫೋನಿನಲ್ಲಿ "ಕೆಲಸ ಜೋರಾಗಿದೆಯಮ್ಮ, ರೂಮು ಬೆಚ್ಚಗಿದೆ" ಅನ್ನುತ್ತಿದ್ದೆ. ಶಾಲೆಯ ಮಕ್ಕಳಿಗೆ ಗೊತ್ತು, ಲಾರಿಯವನಿಗೆ ಗೊತ್ತು, ಆ ಸೈರಾಗುಲ್‌ಗಂತೂ ಎಲ್ಲರಿಗಿಂತ ಮೊದಲೇ ಗೊತ್ತು. ನಾನು ಮಾತ್ರ ಉಣ್ಣೆ ಮೂಟೆಯ ಮೇಲೆ ಕುಳಿತು ಪರರ ಬಾಯಿಂದ ಕೇಳಿದೆ. ಕೇಳಿ ಅತ್ತೆ. ಅತ್ತದ್ದು ನಿನಗಾಗಿ ಅರ್ಧ, ಆ ಹೆಂಗಸಿನ ಮೇಲಿನ ಸಿಟ್ಟಿಗೆ ಅರ್ಧ.

ಹೋದ ಸೆಪ್ಟೆಂಬರಿನಲ್ಲಿ ನಿನ್ನನ್ನು ನೋಡಲು ಬಂದದ್ದು ನೆನಪಿದೆಯೇ? ಬೇಸಿಗೆಯ ಕೊನೆಯ ಕುಮಿಸ್, ಒಳ್ಳೇ ಹುಳಿ ಬಂದದ್ದು, ಕ್ಯಾನಿನ ತುಂಬ ಹೊತ್ತು ತಂದಿದ್ದೆ. ಸಂಘದ ಗೇಟಿನಲ್ಲೇ ಆ ಸೈರಾಗುಲ್ ಮುಚ್ಚಳ ತೆಗೆದು ಮೂಸಿದಳು. "ತಪ್ಪು ತಿಳ್ಕೋಬೇಡಿ ಅಮ್ಮಾ, ಇದನ್ನ ಒಳಗೆ ಬಿಡೋಕಾಗಲ್ಲ. ಇದರಲ್ಲೂ ಅಮಲಿದೆ." ನನಗೆ ಮೈಯೆಲ್ಲ ಉರಿದುಹೋಯಿತು. "ಕುದುರೆ ಹಾಲು ಕಣೇ ಇದು! ಇದನ್ನ ಬೆರಳಲ್ಲಿ ಅದ್ದಿ ಇವನ ನಾಲಿಗೆಗೆ ಹಚ್ಚಿದವಳು ನಾನು. ನನ್ನ ಮಗನಿಗೆ ನಾನು ವಿಷ ತರ್ತೀನಾ?" ಎಂದೆ. "ನಾನೂ ಕುಡಿದೇ ಬೆಳೆದವಳು ಅಮ್ಮಾ. ಈಗ ನಾನೂ ಮುಟ್ಟಲ್ಲ" ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅಷ್ಟರಲ್ಲಿ ನೀನು ಕೈ ಚಾಚಿಕೊಂಡು ಓಡಿ ಬಂದೆ. ನನ್ನ ಹತ್ತಿರ ಬಂದವನು ಗಕ್ಕನೆ ನಿಂತೆ, ಹಿಂದೆ ಸರಿದೆ, ಹೋಗಿ ಅವಳ ಬೆನ್ನ ಹಿಂದೆ ನಿಂತುಕೊಂಡೆ. ಅವಳು ನಿನ್ನ ಮಣಿಕಟ್ಟು ಹಿಡಿದುಕೊಂಡಳು. ನಾನು ಹಿಡಿಯಬೇಕಾದ ಮಣಿಕಟ್ಟು! ಹಳ್ಳಿಯ ಮುದುಕಿ ಬಂದಳೆಂದು ನಿನಗೆ ನಾಚಿಕೆಯಾಯಿತು ಎಂದುಕೊಂಡೆ. ನಿನಗೆಂದು ಕರಿದ ಹಿಟ್ಟಿನ ತುಂಡುಗಳ, ಬೋರ್ಸೋಕ್‌ನ ಗಂಟನ್ನು ಗೇಟಿನ ಬಳಿ ಇಟ್ಟು, ತಿರುಗಿ ನೋಡದೆ ಬಂದುಬಿಟ್ಟೆ.

ವಾಪಸು ಬರುವ ವ್ಯಾನಿನಲ್ಲಿ ಸಿಟ್ಟಿಗೆ ಕ್ಯಾನು ತೆಗೆದು ನಾನೇ ಒಂದು ಬಟ್ಟಲು ಕುಡಿದೆ. ಹಿಂದಿನ ಸೀಟಿನಲ್ಲಿ ಒಬ್ಬ ಕುಳಿತಿದ್ದ. ಬಿಳಿ ಅಂಗಿ, ಬಾಚಿದ ತಲೆ, ಮಡಿಲಲ್ಲಿ ಮಗುವಿಗೆಂದು ಕೊಂಡ ಹೊಸ ಬೂಟು. "ಅಜ್ಜಿ, ವಾಸನೆ ಬಂತು, ನಂಗೂ ಒಂದು ಗುಟುಕು" ಎಂದ. ಕೇಳಿದವರಿಗೆ ಇಲ್ಲವೆನ್ನುವುದುಂಟೇ? ಕೊಟ್ಟೆ. ಒಂದೇ ಉಸಿರಿಗೆ ಮುಗಿಸಿ ಇನ್ನೊಂದು ಎಂದ. ಮತ್ತೆ ಇನ್ನೊಂದು. ಬಟ್ಟಲನ್ನು ಕೈಯಿಂದ ಬಿಡಲೇ ಇಲ್ಲ. "ಬಿಟ್ಟಿದ್ದೆ ಅಜ್ಜಿ, ಎಲ್ಲಾ ಬಿಟ್ಟಿದ್ದೆ. ಇದು ಬರೀ ಹಾಲು ತಾನೆ? ನೀನೇ ಹೇಳು" ಎಂದು ನನ್ನ ಬಾಯನ್ನೇ ನೋಡಿದ. ಹಾಲೇ ಕಣಪ್ಪಾ ಎಂದೆ. ಮುಂದೆ ವ್ಯಾನು ಚಹಾಕ್ಕೆ ನಿಂತಾಗ ಎಲ್ಲರಿಗಿಂತ ಮೊದಲು ಇಳಿದು ಅಂಗಡಿಗೆ ಹೋದ. ವೋಡ್ಕಾ ಬಾಟಲಿ ಹಿಡಿದು ಹೊರಬಂದವನು ವ್ಯಾನ್ ಹತ್ತಲೇ ಇಲ್ಲ. ಬೂಟು ಸೀಟಿನ ಮೇಲೇ ಉಳಿಯಿತು.

ಅವನ ಕಣ್ಣು ಗೇಟಿನಲ್ಲಿ ಕಂಡ ನಿನ್ನ ಕಣ್ಣಿನ ಹಾಗೆಯೇ ಇತ್ತು. ಇದನ್ನು ಚಳಿಗಾಲವಿಡೀ ಯಾರಿಗೂ ಹೇಳಲಿಲ್ಲ. ಕುಮಿಸ್ ಹಾಲೇ ಎಂದು ಈಗಲೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ನೀನು ನಾಚಿಕೆಯಿಂದ ಹಿಂದೆ ಸರಿದದ್ದಲ್ಲ, ನನ್ನ ಬಟ್ಟೆಯಿಂದ ಬಂದ ವಾಸನೆಗೆ ಹೆದರಿ ಸರಿದದ್ದು ಎಂದು ಆ ವ್ಯಾನಿನಲ್ಲೇ ಗೊತ್ತಾಯಿತು. ನನಗೆ ಅರ್ಥವಾಗಲ್ಲ ಎಂದೆಯಲ್ಲ, ಆಗಿದೆ. ಅವಳಿಗೆ ಮೊದಲೇ ಆಗಿತ್ತು ಎನ್ನುವುದೇ ನನ್ನ ಸಂಕಟ.

ಇನ್ನು ಸಾಕು, ಮೆದೆತ್ ಮೂಟೆ ಕಟ್ಟಿ ಮುಗಿಸಿದ್ದಾನೆ. ಮೈ ಜೋಪಾನ. ತಲೆಗೆ ಟೋಪಿ ಇಲ್ಲದೆ ಓಡಾಡಬೇಡ. ಬೆಟ್ಟ ನಿನ್ನ ಬೆನ್ನಿಗಿರಲಿ, ದೇವರು ನಿನ್ನ ಆಯುಸ್ಸು ನಮ್ಮಿಬ್ಬರದಕ್ಕಿಂತ ಉದ್ದ ಮಾಡಲಿ. ಮುದುಕ ನಿನ್ನ ಹಣೆಗೆ ಮುತ್ತು ಕೊಟ್ಟಿದ್ದಾನೆ. ಸಂಘದ ಹುಡುಗರಿಗೆಲ್ಲ ನನ್ನ ಆಶೀರ್ವಾದ. ಆ ಹೆಂಗಸಿಗೂ ಕೇಳಿದೆನೆಂದು ಹೇಳು, ತೀರಾ ಪ್ರೀತಿಯಿಂದೇನೂ ಹೇಳಬೇಡ.

ನಿನ್ನ ಅಮ್ಮ,
ಉಮ್ಸುನಾಯ್

ಮ.ವಿ.: ಮೆದೆತ್ ಹಾರ್ನ್ ಹೊಡೆಯುತ್ತಿದ್ದಾನೆ. ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಈ ವರ್ಷ ನಾನು ಹಾಲು ಕರೆಯಲೆಂದು ಕುದುರೆಮರಿಗಳನ್ನು ಕಟ್ಟಿಲ್ಲ. ತಾಯಂದಿರ ಹಿಂದೆಯೇ ಬಿಟ್ಟಿದ್ದೇನೆ. ಹಾಲನ್ನೆಲ್ಲ ಅವೇ ಕುಡಿದು ಕೊಬ್ಬುತ್ತಿವೆ, ನಮಗೆ ಕರೆಯಲೂ ಇಲ್ಲ, ಹುಳಿಸಲೂ ಇಲ್ಲ. ಉಮ್ಸುನಾಯ್‌ಗೆ ತಲೆ ಕೆಟ್ಟಿದೆ ಎಂದು ಅಕ್ಕಪಕ್ಕದ ಗುಡಾರದವರು ಆಡಿಕೊಳ್ಳುತ್ತಾರೆ, ಮುದುಕ ಚಹಾ ಕುಡಿದು ನನ್ನನ್ನು ಬೈಯುತ್ತಾನೆ. ಕುಮಿಸ್ ಹುಳಿಸುವ ಚರ್ಮದ ಚೀಲವನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ. ಕಂಬಳಿ, ಅಂಗಿ, ತಲೆವಸ್ತ್ರ ಎಲ್ಲವನ್ನೂ ಹೊಳೆಯಲ್ಲಿ ಒಗೆದು ಮೂಗಿಗಿಟ್ಟು ನೋಡಿದ್ದೇನೆ, ಸೋಪಿನ ವಾಸನೆ ಬಿಟ್ಟರೆ ಏನೂ ಇಲ್ಲ. ಬಾ ಮಗನೇ. ಒಬ್ಬನೇ ಬರಲು ಹೆದರಿಕೆಯಾದರೆ ಅವಳನ್ನೂ ಕರೆದುಕೊಂಡು ಬಾ. ಬೇಕಾದರೆ ಅವಳೇ ಮೊದಲು ಒಳಗೆ ಬಂದು ಮೂಲೆಮೂಲೆ ಮೂಸಿ ನೋಡಲಿ, ನಾನು ತುಟಿಪಿಟಕ್ ಎನ್ನುವುದಿಲ್ಲ. ಒಂದೇ ಒಂದು ಷರತ್ತು. ಬಾಗಿಲಲ್ಲಿ ನಿಂತು ನೀನು ಅಮ್ಮಾ ಎಂದು ಕೂಗಿದಾಗ ಅವಳು ತಿರುಗಿ ನೋಡಕೂಡದು.